ಕಿಂಡಿಯೊಳಗಿನ ಬೆಳಕು



ಕ್ಯಾಮೆರಾ ಕೊಳ್ಳಲು ಹೋದವರ ಕಿವಿಗೆ ಅಂಗಡಿಯಲ್ಲಿ ಒಂದು ಮಾತು ತಪ್ಪದೆ ಬೀಳುತ್ತದೆ. “ಇದು ಸಣ್ಣ ಸೆನ್ಸರಿನದು, ಕಿಂಡಿಯಲ್ಲಿ ನೋಡಿದರೆ ಕತ್ತಲೆ. ಇನ್ನಷ್ಟು ದುಡ್ಡು ಸೇರಿಸಿ ದೊಡ್ಡ ಸೆನ್ಸರಿನದನ್ನೇ ತೆಗೆದುಕೊಳ್ಳಿ” ಎಂದು. ಈಗಂತೂ ಈ ಮಾತಿಗೆ ಬೆಲೆ ಹೆಚ್ಚು. ಪೇಟೆಯ ಸ್ಟುಡಿಯೋದವರು ಒಬ್ಬೊಬ್ಬರಾಗಿ ಕನ್ನಡಿಯಿಲ್ಲದ ಹೊಸ ಕ್ಯಾಮೆರಾಗಳಿಗೆ ಹೋಗುತ್ತಿದ್ದಾರೆ. ಅವರು ಬಿಟ್ಟ ಹಳೆಯ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾಗಳು ಕಡಿಮೆ ಬೆಲೆಗೆ ಕೈ ಬದಲಾಯಿಸುತ್ತಿವೆ. ಊರಲ್ಲಿ ಹೊಸದಾಗಿ ಸ್ಟುಡಿಯೋ ತೆರೆಯುವ ಹುಡುಗ, ಹಕ್ಕಿಯ ಚಿತ್ರ ತೆಗೆಯುವ ಮೇಷ್ಟ್ರು, ಆಟದ ಚಿತ್ರ ತೆಗೆಯುವ ಹವ್ಯಾಸಿ, ಇಂಥವರು ಕೂಡಿಟ್ಟ ಹಣವನ್ನು ಇಂಥ ಕ್ಯಾಮೆರಾದ ಮೇಲೆ ಹಾಕುತ್ತಾರೆ. ಆದ್ದರಿಂದ ಅಂಗಡಿಯವರ ಆ ಮಾತಿನಲ್ಲಿ ನಿಜವೆಷ್ಟು, ಜೊಳ್ಳೆಷ್ಟು ಎಂದು ಇವತ್ತು ನಿಮ್ಮೊಡನೆ ಕೂತು ಕೇರಿ ನೋಡಬೇಕೆಂದಿದ್ದೇನೆ.

ಮೊದಲಿಗೆ ಕಿಂಡಿಯ ಒಳಗೆ ಏನಿದೆ ಎಂದು ನೋಡೋಣ. ಕಣ್ಣಿಟ್ಟು ನೋಡುವ ಈ ಕಿಂಡಿಗೆ ವ್ಯೂಫೈಂಡರ್ ಎಂದು ಹೆಸರು. ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿನಿಂದ ಒಳಬಂದ ಬೆಳಕು ಓರೆಯಾಗಿ ನಿಂತ ಒಂದು ಕನ್ನಡಿಗೆ ಬಡಿದು ಮೇಲಕ್ಕೆ ತಿರುಗುತ್ತದೆ. ಮೇಲೆ ಒಂದು ಮಸುಕು ಗಾಜು ಮಲಗಿರುತ್ತದೆ. ಚಿತ್ರ ಮೂಡುವುದು ಆ ಗಾಜಿನ ಮೇಲೆ. ಅದಕ್ಕೂ ಮೇಲೆ ಪೆಂಟಾಪ್ರಿಸಂ ಎಂಬ ಗಾಜಿನ ಪಟ್ಟಕ. ಎಡಬಲ ಅದಲುಬದಲಾದ ಚಿತ್ರವನ್ನು ಅದು ಸರಿಮಾಡಿ ಹಿಂದಕ್ಕೆ ತಿರುಗಿಸುತ್ತದೆ. ಕೊನೆಯಲ್ಲಿ ನಮ್ಮ ಕಣ್ಣಿನ ಮುಂದೆ ಒಂದು ಸಣ್ಣ ಭೂತಗನ್ನಡಿ. ಅಂದರೆ, ನಾವು ಕಿಂಡಿಯಲ್ಲಿ ನೇರವಾಗಿ ಲೋಕವನ್ನು ನೋಡುವುದಿಲ್ಲ. ಮಸುಕು ಗಾಜಿನ ಮೇಲೆ ಬಿದ್ದ ಚಿತ್ರವನ್ನು ಭೂತಗನ್ನಡಿ ಹಿಡಿದು ನೋಡುತ್ತೇವೆ. ಇದೊಂದು ಸಂಗತಿ ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಚಿತ್ರ ತೆಗೆಯುವ ಸೆನ್ಸರ್ ಎಷ್ಟು ದೊಡ್ಡದೋ ಈ ಮಸುಕು ಗಾಜೂ ಹೆಚ್ಚುಕಡಿಮೆ ಅಷ್ಟೇ ದೊಡ್ಡದು. ಹಳೆಯ 35 ಮಿಲಿಮೀಟರ್ ಫಿಲ್ಮಿನ ಚೌಕಟ್ಟು 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ, ಒಟ್ಟು 864 ಚದರ ಮಿ.ಮೀ. ಇದನ್ನೇ ಇಂದು ಫುಲ್ ಫ್ರೇಮ್ ಎನ್ನುತ್ತಾರೆ. ಕ್ಯಾನನ್ ಕಂಪನಿಯ ಅಗ್ಗದ ಡಿಜಿಟಲ್ ಕ್ಯಾಮೆರಾಗಳ ಸೆನ್ಸರ್ ಸುಮಾರು 330 ಚದರ ಮಿ.ಮೀ., ನಿಕಾನಿನದು ಸುಮಾರು 370. ಒಲಿಂಪಸ್ ಕಂಪನಿ 2003ರಲ್ಲಿ ಪೇಟೆಗೆ ತಂದ ಫೋರ್ ಥರ್ಡ್ಸ್ ಎಂಬ ಅಳತೆಯದು ಸುಮಾರು 225, ಅಂದರೆ ಫುಲ್ ಫ್ರೇಮಿನ ಕಾಲುಭಾಗದಷ್ಟು. ನಮ್ಮ ಹಳೆಯ ಸ್ಟುಡಿಯೋಗಳಲ್ಲಿ ಕುತ್ತಿಗೆಗೆ ತೂಗುಹಾಕಿಕೊಂಡು ಬಗ್ಗಿ ನೋಡುತ್ತಿದ್ದ ಎರಡು ಕಣ್ಣಿನ ಯಾಶಿಕಾ ನೆನಪಿದೆಯಲ್ಲ? ಅದರ ಚೌಕಟ್ಟು 56 ಮಿ.ಮೀ. ಚೌಕ. ಮೂರು ಸಾವಿರ ಚದರ ಮಿಲಿಮೀಟರಿಗೂ ಮೇಲೆ.

ಈಗ ಪ್ರಶ್ನೆಗೆ ಬರೋಣ. ಮಸುಕು ಗಾಜು ಸಣ್ಣದಾದರೆ ಅದರ ಮೇಲಿನ ಚಿತ್ರ ಮಂಕಾಗಬೇಕೆ?

ಮಳೆಗಾಲದಲ್ಲಿ ಅಂಗಳದ ನಡುವೆ ಒಂದು ದೊಡ್ಡ ಡ್ರಮ್ಮು, ಅದರ ಪಕ್ಕದಲ್ಲಿ ಒಂದು ಸಣ್ಣ ಡಬ್ಬಿ ಇಡಿ. ಒಂದು ಗಂಟೆ ಮಳೆ ಹೊಯ್ದ ಮೇಲೆ ಕೋಲು ಹಾಕಿ ಅಳೆಯಿರಿ. ಡ್ರಮ್ಮಿನಲ್ಲಿ ಎರಡಂಗುಲ ನಿಂತಿದ್ದರೆ ಡಬ್ಬಿಯಲ್ಲೂ ಎರಡಂಗುಲವೇ. ಒಟ್ಟು ನೀರು ಡ್ರಮ್ಮಿನಲ್ಲಿ ಹೆಚ್ಚು, ನಿಜ. ಆದರೆ ಆಳ ಒಂದೇ. ಮಸುಕು ಗಾಜಿನ ಮೇಲೆ ಬೀಳುವ ಬೆಳಕಿನ ಕಥೆಯೂ ಇದೇ. ಗಾಜಿನ ಒಂದೊಂದು ಚುಕ್ಕೆಗೆ ಎಷ್ಟು ಬೆಳಕು ಬೀಳುತ್ತದೆ ಎನ್ನುವುದನ್ನು ತೀರ್ಮಾನಿಸುವುದು ಗಾಜಿನ ಅಗಲವಲ್ಲ, ಲೆನ್ಸಿನ ಎಫ್ ಸಂಖ್ಯೆ. 50 ಮಿ.ಮೀ. ಲೆನ್ಸಿನ ಬಾಯಿ 25 ಮಿ.ಮೀ. ತೆರೆದಿದ್ದರೆ ಅದು ಎಫ್ 2. ಬಾಯಿ ಅದರ ಅರ್ಧಕ್ಕೆ, ಹನ್ನೆರಡೂವರೆ ಮಿ.ಮೀ.ಗೆ ಇಳಿದರೆ ಎಫ್ 4. ಬೆಳಕು ಕಾಲುಭಾಗಕ್ಕೆ ಇಳಿಯಿತು. ಎಫ್ ಸಂಖ್ಯೆ ಎಂದರೆ ಮಳೆಯ ಬಿರುಸು ಎಂದು ತಿಳಿಯಿರಿ. ಎಫ್ 2ರ ಬೆಳಕು ಸಣ್ಣ ಗಾಜಿನ ಮೇಲೆ ಬಿದ್ದರೂ ಎಫ್ 2ರ ಬೆಳಕೇ.

“ಸರಿ ಸ್ವಾಮಿ, ಆದರೆ ಸಣ್ಣ ಚಿತ್ರವನ್ನು ದೊಡ್ಡದು ಮಾಡಿ ತೋರಿಸಬೇಕಲ್ಲ, ಆಗ ಬೆಳಕು ತೆಳ್ಳಗಾಗುವುದಿಲ್ಲವೆ?” ಎಂದು ನೀವು ಕೇಳಬಹುದು. ಪುಸ್ತಕಗಳಲ್ಲಿಯೂ ಹೀಗೆ ಬರೆದವರುಂಟು. ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಚಿತ್ರ ಬಿಟ್ಟಾಗ ಅದು ನಿಜ. ಚಿತ್ರ ಹಿಗ್ಗಿದಷ್ಟೂ ಮಂಕು. ಆದರೆ ಭೂತಗನ್ನಡಿ ಹಾಗಲ್ಲ. ಅಜ್ಜ ಭೂತಗನ್ನಡಿ ಹಿಡಿದು ಪಂಚಾಂಗ ಓದುವಾಗ ಅಕ್ಷರ ದೊಡ್ಡದಾಗುತ್ತದೆ, ಹಾಳೆ ಕಪ್ಪಾಗುವುದಿಲ್ಲ. ಹಾಳೆಯ ಒಂದೊಂದು ಚುಕ್ಕೆಯಿಂದ ಹೊರಟ ಬೆಳಕಿನಲ್ಲಿ ಹೆಚ್ಚಿನ ಪಾಲನ್ನು ಭೂತಗನ್ನಡಿ ಕಣ್ಣಿಗೆ ತಲುಪಿಸುತ್ತದೆ. ಹಿಗ್ಗಿದ್ದಕ್ಕೂ ಅದಕ್ಕೂ ಸರಿಹೋಗುತ್ತದೆ. ಕ್ಯಾಮೆರಾದ ಕಿಂಡಿಯಲ್ಲಿಯೂ ಬಹುಮಟ್ಟಿಗೆ ಹೀಗೆಯೇ.

ಹಾಗಾದರೆ ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ ಕಣ್ಣಿಟ್ಟವರೆಲ್ಲ “ಕತ್ತಲೆ, ಕತ್ತಲೆ” ಎನ್ನುವುದು ಸುಳ್ಳೆ? ಸುಳ್ಳಲ್ಲ. ಅವರು ಕಂಡದ್ದು ನಿಜ, ಕೊಟ್ಟ ಕಾರಣ ಬೇರೆ.

ಮೊದಲ ಕಾರಣ ಕಿಂಡಿಯ ಅಗಲ. ಹಳೆಯ ಮನೆಯ ಕೋಣೆಯಲ್ಲಿ ಕೂತು ಬೆಳಕಿಂಡಿಯಿಂದ ಆಕಾಶ ನೋಡಿ, ಆಮೇಲೆ ಬಾಗಿಲು ತೆರೆದು ಅದೇ ಆಕಾಶ ನೋಡಿ. ಆಕಾಶದ ಹೊಳಪು ಒಂದೇ. ಆದರೂ ಬೆಳಕಿಂಡಿಯಿಂದ ನೋಡುವಾಗ ಸುತ್ತಲಿನ ಕತ್ತಲೆಯೇ ಮನಸ್ಸನ್ನು ತುಂಬಿಕೊಳ್ಳುತ್ತದೆ. ಕಣ್ಣೊಳಗೆ ಬರುವ ಒಟ್ಟು ಬೆಳಕು ಕಡಿಮೆ. ಕಿಂಡಿಯ ಚಿತ್ರ ಸಣ್ಣದಾದಾಗ ಸುತ್ತ ಕಪ್ಪು ಹೆಚ್ಚಿ, ಸುರಂಗದ ತುದಿಯಲ್ಲಿ ಏನೋ ಕಂಡ ಹಾಗಾಗುತ್ತದೆ. ಸಣ್ಣ ವಿವರಗಳು ಕಾಣುವುದಿಲ್ಲ. ಕಾಣದ್ದನ್ನು ನಾವು ಕತ್ತಲೆ ಎನ್ನುತ್ತೇವೆ. ಸೆನ್ಸರಿನ ಅಳತೆಗೆ ನೇರವಾಗಿ ಸಂಬಂಧಪಟ್ಟ ಕೊರತೆ ಇದೊಂದೇ.

ಇದಕ್ಕೊಂದು ಉದಾಹರಣೆ ಕೊಡುತ್ತೇನೆ. ಜಪಾನಿನ ಒಲಿಂಪಸ್ ಕಂಪನಿಯಲ್ಲಿ ಯೊಶಿಹಿಸಾ ಮೈತಾನಿ ಎಂಬ ವಿನ್ಯಾಸಕಾರರಿದ್ದರು. ಅವರು ರೂಪಿಸಿದ ಕ್ಯಾಮೆರಾವೊಂದು 1972ರಲ್ಲಿ ಎಂ-1 ಎಂಬ ಹೆಸರಿನಲ್ಲಿ ಹೊರಬಂತು. ಎಂ ಅಕ್ಷರ ತಮ್ಮದೆಂದು ಲೈಕಾ ಕ್ಯಾಮೆರಾದವರು ತಕರಾರೆತ್ತಿದ್ದರಿಂದ ಮರುವರ್ಷ ಅದು ಓಎಂ-1 ಆಯಿತು. ಅಂದಿನ ಎಸ್‌ಎಲ್‌ಆರ್‌ಗಳಿಗಿಂತ ಚಿಕ್ಕದು, ಹಗುರ. ಆದರೆ ಕಿಂಡಿಗೆ ಕಣ್ಣಿಟ್ಟರೆ ಹೆಬ್ಬಾಗಿಲು ತೆರೆದಂತೆ. ಅದರ ಹಿಗ್ಗುವಿಕೆ 0.92 ಪಟ್ಟು. ಅಂದರೆ 50 ಮಿ.ಮೀ. ಲೆನ್ಸ್ ಹಾಕಿ ನೋಡಿದರೆ ಬರಿಗಣ್ಣಿಗೆ ಕಾಣುವುದರ ಶೇಕಡಾ 92ರಷ್ಟು ದೊಡ್ಡದಾಗಿ ಎಲ್ಲ ಕಾಣುತ್ತದೆ. ಎರಡೂ ಕಣ್ಣು ತೆರೆದುಕೊಂಡೇ ಚಿತ್ರ ತೆಗೆಯಬಹುದು.

ಮೂವತ್ತು ವರ್ಷ ಕಳೆದು 2003ರಲ್ಲಿ ಅದೇ ಕಂಪನಿ ಇ-1 ಎಂಬ ಡಿಜಿಟಲ್ ಕ್ಯಾಮೆರಾ ತಂದಿತು. ಸೆನ್ಸರ್ ನಾನು ಆಗಲೇ ಹೇಳಿದ ಕಾಲುಭಾಗದ್ದು. ಅದರ ವಿವರಪತ್ರದಲ್ಲಿ ಹಿಗ್ಗುವಿಕೆ 0.96 ಎಂದಿತ್ತು. ಅಕ್ಷರ ನೋಡಿದರೆ ಓಎಂ-1ಕ್ಕಿಂತ ದೊಡ್ಡದು! ಕಣ್ಣಿಟ್ಟು ನೋಡಿದರೆ ಅಂಚೆಚೀಟಿ. ಇಲ್ಲೊಂದು ಲೆಕ್ಕದ ಕಣ್ಕಟ್ಟು ಇದೆ. ಯಾವ ಸೆನ್ಸರಾದರೂ ಈ ಅಂಕಿಯನ್ನು 50 ಮಿ.ಮೀ. ಲೆನ್ಸ್ ಹಾಕಿಯೇ ಅಳೆಯುವುದು ರೂಢಿ. ಸಣ್ಣ ಸೆನ್ಸರಿನಲ್ಲಿ ಅದೇ ಲೆನ್ಸ್ ದೃಶ್ಯದ ನಡುಭಾಗವನ್ನಷ್ಟೇ ತೋರಿಸುತ್ತದೆ. ಆದ್ದರಿಂದ ಹೋಲಿಸಬೇಕಾದರೆ ಆ ಅಂಕಿಯನ್ನು ಭಾಗಿಸಬೇಕು: ಫೋರ್ ಥರ್ಡ್ಸ್ ಆದರೆ ಎರಡರಿಂದ, ನಿಕಾನಿನ ಸಣ್ಣ ಸೆನ್ಸರಾದರೆ ಒಂದೂವರೆಯಿಂದ, ಕ್ಯಾನನ್ನಿನದಾದರೆ 1.6ರಿಂದ. ಇ-1ಗೆ ಉಳಿದದ್ದು 0.48. ಓಎಂ-1ರ ಕಿಂಡಿಯಲ್ಲಿ ಕಾಣುತ್ತಿದ್ದ ಚಿತ್ರದ ಮೂರರಲ್ಲೊಂದು ಪಾಲೂ ಇಲ್ಲ.

ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಹಳೆಯ ಕ್ಯಾಮೆರಾ ಕೊಳ್ಳುವಾಗ ಬೇಕಾಗುತ್ತದೆ. 2003ರ ಕ್ಯಾನನ್ 300ಡಿ, ಹೇಳುವುದು 0.88, ಸಿಗುವುದು 0.55. 2004ರ ನಿಕಾನ್ ಡಿ70, ಹೇಳುವುದು 0.75, ಸಿಗುವುದು 0.5. 2005ರ ನಿಕಾನ್ ಡಿ200, ಹೇಳುವುದು 0.94, ಸಿಗುವುದು ಸುಮಾರು 0.63. ಅದೇ ವರ್ಷದ ಫುಲ್ ಫ್ರೇಮ್ ಕ್ಯಾನನ್ 5ಡಿ, ಹೇಳುವುದೂ ಸಿಗುವುದೂ 0.71. ಡಿ70 ಮತ್ತು ಡಿ200 ಎರಡರ ಸೆನ್ಸರಿನ ಅಳತೆ ಒಂದೇ ಎಂಬುದನ್ನು ಗಮನಿಸಿ. ಆದರೂ ಕಿಂಡಿಯಲ್ಲಿ ಇಷ್ಟು ಅಂತರ.

ಹಾಗಿದ್ದರೆ ಇನ್ನೂ ಬಲವಾದ ಭೂತಗನ್ನಡಿ ಹಾಕಿ ಎಲ್ಲವನ್ನೂ ಹಿಗ್ಗಿಸಿಬಿಡಬಹುದಿತ್ತಲ್ಲ? ಬಲವಾದ ಭೂತಗನ್ನಡಿಗೆ ಕಣ್ಣು ತೀರ ಹತ್ತಿರ ಬರಬೇಕು. ಕನ್ನಡಕ ಹಾಕಿದವರು ಅಷ್ಟು ಹತ್ತಿರ ಬರಲಾರರು. ಅವರಿಗೆ ಚಿತ್ರದ ನಾಲ್ಕು ಮೂಲೆ ಕಾಣುವುದಿಲ್ಲ. ಮಸುಕು ಗಾಜಿನ ತರಿಯೂ ಚಿತ್ರದ ಜೊತೆಗೇ ಹಿಗ್ಗಿ ರವೆ ಚೆಲ್ಲಿದಂತೆ ಕಾಣುತ್ತದೆ. ಅದನ್ನು ನಯಮಾಡಲು, ಅಂಚಿನ ಸೊಟ್ಟ ತಿದ್ದಲು ಒಳ್ಳೆಯ ಗಾಜು ಬೇಕು, ಖರ್ಚು ಬೇಕು. ಡಿ200ರಲ್ಲಿ ಆ ಖರ್ಚು ಮಾಡಿದರು, ಡಿ70ರಲ್ಲಿ ಮಾಡಲಿಲ್ಲ. ಇಷ್ಟೇ.

ಎರಡನೆಯ ಕಾರಣ, ಈ ಖರ್ಚು ಉಳಿಸುವ ದಾರಿಯಲ್ಲೇ ಇದೆ. ಪೆಂಟಾಪ್ರಿಸಂ ಎಂದೆನಲ್ಲ, ಅದು ಗಟ್ಟಿ ಗಾಜಿನ ತುಂಡು. ತೂಕವೂ ಹೆಚ್ಚು, ಬೆಲೆಯೂ ಹೆಚ್ಚು. ಅಗ್ಗದ ಕ್ಯಾಮೆರಾಗಳಲ್ಲಿ ಅದರ ಬದಲು ಕನ್ನಡಿ ಚೂರುಗಳನ್ನು ಜೋಡಿಸಿದ ಪೊಳ್ಳು ಗೂಡನ್ನು ಇಡುತ್ತಾರೆ. ಪೆಂಟಾಮಿರರ್ ಎಂದು ಅದರ ಹೆಸರು. 300ಡಿಯಲ್ಲೂ ಡಿ70ಯಲ್ಲೂ ಇರುವುದು ಇದೇ. ಪ್ರತಿ ಕನ್ನಡಿಯೂ ತನ್ನ ಸುಂಕ ಎಂದು ಒಂದಿಷ್ಟು ಬೆಳಕನ್ನು ಕಸಿದುಕೊಳ್ಳುತ್ತದೆ. ಅಲ್ಲದೆ ಪೊಳ್ಳಿನ ಮೂಲಕ ನೋಡಿದಾಗ ಮಸುಕು ಗಾಜು ಕಣ್ಣಿಗೆ ಹೆಚ್ಚು ದೂರದಲ್ಲಿದ್ದಂತೆ ಕಾಣುತ್ತದೆ, ಹಿಗ್ಗಿಸುವುದೂ ಕಷ್ಟವಾಗುತ್ತದೆ. ಚಿತ್ರ ಮಂಕೂ ಆಯಿತು, ಸಣ್ಣದೂ ಆಯಿತು. ಸಣ್ಣ ಸೆನ್ಸರ್ ಮತ್ತು ಪೊಳ್ಳು ಗೂಡು ಒಂದೇ ಕ್ಯಾಮೆರಾದಲ್ಲಿ ಜೊತೆಯಾಗಿ ಬಂದದ್ದರಿಂದ ಒಂದರ ತಪ್ಪು ಇನ್ನೊಂದರ ತಲೆಗೆ ಕಟ್ಟಿತು.

ಇದಕ್ಕೆ ಹಳೆಯ ಸಾಕ್ಷಿಯೊಂದಿದೆ, ಅದೂ ಮೈತಾನಿಯವರದೇ. 1963ರಲ್ಲಿ ಅವರು ಪೆನ್ ಎಫ್ ಎಂಬ ಕ್ಯಾಮೆರಾ ಮಾಡಿದರು. 35 ಮಿ.ಮೀ. ಫಿಲ್ಮಿನ ಚೌಕಟ್ಟನ್ನು ಅರ್ಧ ಮಾಡಿ, 18 ಮಿ.ಮೀ.ಗೆ 24 ಮಿ.ಮೀ. ಅಳತೆಯಲ್ಲಿ ಚಿತ್ರ ತೆಗೆಯುವ ಎಸ್‌ಎಲ್‌ಆರ್ ಅದು. 36 ಚಿತ್ರದ ರೋಲಿನಲ್ಲಿ 72 ಚಿತ್ರ. ಇಂದಿನ ಸಣ್ಣ ಸೆನ್ಸರಿಗಿಂತ ಸ್ವಲ್ಪವೇ ದೊಡ್ಡ ಚೌಕಟ್ಟು ಎನ್ನಿ. 1966ರಲ್ಲಿ ಅದಕ್ಕೆ ಬೆಳಕು ಅಳೆಯುವ ಮೀಟರ್ ಸೇರಿಸಿ ಪೆನ್ ಎಫ್‌ಟಿ ಎಂದು ಹೊರತಂದರು. ಮೀಟರಿಗೆ ಬೆಳಕು ಬೇಕಲ್ಲ? ಕಿಂಡಿಗೆ ಹೋಗುವ ದಾರಿಯ ಒಂದು ಕನ್ನಡಿಯನ್ನು ಅರೆಪಾರದರ್ಶಕ ಮಾಡಿ ಅದರ ಹಿಂದೆ ಮೀಟರ್ ಇಟ್ಟರು. ಕಿಂಡಿ ಮಂಕಾಯಿತು. ಆಮೇಲೆ ಮೀಟರ್ ತೆಗೆದುಹಾಕಿ, ಪೂರ್ಣ ಕನ್ನಡಿ ಇಟ್ಟು ಪೆನ್ ಎಫ್‌ವಿ ಎಂದು ಮಾಡಿದರು. ಕಿಂಡಿ ಮತ್ತೆ ಬೆಳಗಿತು. ಚೌಕಟ್ಟು ಅದೇ, ಲೆನ್ಸ್ ಅದೇ, ವಿನ್ಯಾಸ ಅದೇ. ಬದಲಾದದ್ದು ಒಂದು ಕನ್ನಡಿ. ಸಣ್ಣ ಚೌಕಟ್ಟಿನ ಮೇಲೆ ಹೊರಿಸಿದ ಆಪಾದನೆಯಲ್ಲಿ ಎಷ್ಟು ಪಾಲು ಕನ್ನಡಿಗೆ ಸೇರಬೇಕೆಂದು ತೋರಿಸಲು ಇದಕ್ಕಿಂತ ಚೊಕ್ಕ ಉದಾಹರಣೆ ನನಗೆ ಗೊತ್ತಿಲ್ಲ.

ಆ ಅರೆಕನ್ನಡಿಯ ಪಾಡು ಮುಂದೆ ಎಲ್ಲರ ಮನೆಗೂ ಬಂತು. 1985ರಲ್ಲಿ ಮಿನೋಲ್ಟಾ 7000 ಬಂದ ಮೇಲೆ ತಾನೇ ಫೋಕಸ್ ಮಾಡಿಕೊಳ್ಳುವ ಕ್ಯಾಮೆರಾಗಳ ಕಾಲ ಶುರುವಾಯಿತು. ಫೋಕಸ್ ಹುಡುಕುವ ಯಂತ್ರ ಕ್ಯಾಮೆರಾದ ತಳದಲ್ಲಿ ಕೂತಿರುತ್ತದೆ. ಅದಕ್ಕೆ ಬೆಳಕು ಕೊಡಲು ದೊಡ್ಡ ಕನ್ನಡಿಯ ನಡುಭಾಗವನ್ನು ಅರೆಪಾರದರ್ಶಕ ಮಾಡಲೇಬೇಕು. ಕಿಂಡಿಯ ಬೆಳಕಿನಲ್ಲಿ ಒಂದು ಪಾಲು ಅಲ್ಲಿಗೆ ಹೋಯಿತು. ಇದು ಸಣ್ಣ ಸೆನ್ಸರಿಗೂ ಉಂಟು, ದೊಡ್ಡದಕ್ಕೂ ಉಂಟು.

ಮೂರನೆಯ ಕಾರಣವೇ ಎಲ್ಲಕ್ಕಿಂತ ದೊಡ್ಡದು, ಮತ್ತು ಅಂಗಡಿಯಲ್ಲಿ ಯಾರೂ ಹೇಳದ್ದು. ಅದು ಕ್ಯಾಮೆರಾದ ಜೊತೆಗೆ ಪೆಟ್ಟಿಗೆಯಲ್ಲಿ ಬರುವ ಲೆನ್ಸ್. ಫಿಲ್ಮಿನ ಕಾಲದಲ್ಲಿ ಎಸ್‌ಎಲ್‌ಆರ್ ಕೊಂಡರೆ ಜೊತೆಗೆ ಬರುತ್ತಿದ್ದದ್ದು ಸಾಮಾನ್ಯವಾಗಿ 50 ಮಿ.ಮೀ.ನ ಎಫ್ 1.8 ಅಥವಾ ಎಫ್ 2 ಲೆನ್ಸ್. ಡಿಜಿಟಲ್ ಕಾಲದಲ್ಲಿ ಬಂದದ್ದು 18ರಿಂದ 55 ಮಿ.ಮೀ.ವರೆಗಿನ ಜೂಮ್, ಅದರ ಎಫ್ ಸಂಖ್ಯೆ ಒಂದು ತುದಿಯಲ್ಲಿ 3.5, ಇನ್ನೊಂದು ತುದಿಯಲ್ಲಿ 5.6. ಎಫ್ 1.8ಕ್ಕೂ ಎಫ್ 5.6ಕ್ಕೂ ಇರುವ ಅಂತರ ಸುಮಾರು ಹತ್ತು ಪಟ್ಟು. ಹತ್ತು ಪಟ್ಟು ಎಂದರೆ ಸಾಮಾನ್ಯವಲ್ಲ. ಹತ್ತು ದೀಪದ ಕೋಣೆಯಲ್ಲಿ ಒಂಬತ್ತು ಆರಿಸಿದ ಹಾಗೆ. ದೊಡ್ಡ ಸೆನ್ಸರಿನ ಕ್ಯಾಮೆರಾ ಕೊಳ್ಳುವವರು ಸಾಮಾನ್ಯವಾಗಿ ಒಳ್ಳೆಯ, ಬಾಯಿ ದೊಡ್ಡದಾದ ಲೆನ್ಸನ್ನೇ ಹಾಕುತ್ತಾರೆ. ಅಂಗಡಿಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದಾಗ ನೀವು ಕಂಡದ್ದು ಸೆನ್ಸರಿನ ಅಂತರವಲ್ಲ, ಲೆನ್ಸಿನ ಅಂತರ.

ಇಲ್ಲೊಂದು ಎಚ್ಚರಿಕೆ ಹೇಳಬೇಕು. ಎಫ್ 1.8 ಲೆನ್ಸ್ ಹಾಕಿದೊಡನೆ ಹೊಸ ಕ್ಯಾಮೆರಾದ ಕಿಂಡಿ ಹತ್ತು ಪಟ್ಟು ಬೆಳಗುವುದಿಲ್ಲ. ಕಾರಣ ಮಸುಕು ಗಾಜು. ಹಳೆಯ ಕ್ಯಾಮೆರಾಗಳ ಗಾಜು ಒರಟು; ಬೆಳಕನ್ನು ಎಲ್ಲ ಕಡೆಗೂ ಚೆದುರಿಸುತ್ತಿತ್ತು. ಸ್ವಲ್ಪ ಮಂಕಾದರೂ ಫೋಕಸ್ ತಪ್ಪಿದ್ದು ಥಟ್ಟನೆ ಗೊತ್ತಾಗುತ್ತಿತ್ತು. ಜೂಮ್ ಲೆನ್ಸುಗಳ ಕಾಲ ಬಂದ ಮೇಲೆ, ಕಿಂಡಿ ತೀರ ಕಪ್ಪಾಗದಿರಲೆಂದು ಗಾಜನ್ನು ನಯಮಾಡಿದರು. ನಯವಾದ ಗಾಜು ಬೆಳಕನ್ನು ಹೆಚ್ಚು ಚೆದುರಿಸದೆ ನೇರ ಕಣ್ಣಿನತ್ತ ಬಿಡುತ್ತದೆ. ಅದರಿಂದ ಎಫ್ 5.6ರಲ್ಲೂ ಚಿತ್ರ ಸುಮಾರಾಗಿ ಕಾಣುತ್ತದೆ, ಆದರೆ ಲೆನ್ಸಿನ ಬಾಯಿಯ ಅಂಚಿನಿಂದ ಓರೆಯಾಗಿ ಬಂದ ಬೆಳಕು ಕಣ್ಣಿಗೆ ಮುಟ್ಟುವುದೇ ಇಲ್ಲ. ಎಫ್ 2.8ರ ಆಚೆಗೆ ಎಷ್ಟು ಬಾಯಿ ತೆರೆದರೂ ಕಿಂಡಿಯಲ್ಲಿ ಹೆಚ್ಚು ವ್ಯತ್ಯಾಸ ತೋರುವುದಿಲ್ಲ. ಹಾಗಾಗಿ ಸಿಗುವ ಲಾಭ ಹತ್ತು ಪಟ್ಟಲ್ಲ, ಸುಮಾರು ನಾಲ್ಕು ಪಟ್ಟು. ಅದೇನು ಕಡಿಮೆಯೆ? ಆದರೆ ಎಫ್ 1.8 ಲೆನ್ಸ್ ಹಾಕಿ ಕಣ್ಣಂದಾಜಿನಲ್ಲಿ ಕೈಯಿಂದ ಫೋಕಸ್ ಮಾಡುವವರು ಜೋಕೆ. ಕಿಂಡಿಯಲ್ಲಿ ಚೊಕ್ಕವಾಗಿ ಕಂಡದ್ದು ಚಿತ್ರದಲ್ಲಿ ಮಸುಕಾಗಿ ಬರಬಹುದು. ಕಿಂಡಿ ತೋರಿಸುವುದು ಎಫ್ 2.8ರ ಚಿತ್ರ, ಸೆನ್ಸರ್ ಹಿಡಿಯುವುದು ಎಫ್ 1.8ರದು.

ಹಳೆಯ ಯಾಶಿಕಾದವರಿಗೆ ಇದೆಲ್ಲ ಗೊತ್ತಿತ್ತು ಎನಿಸುತ್ತದೆ. ಯಾಶಿಕಾ ಮ್ಯಾಟ್-124ಜಿ ಎಂಬ ಮಾದರಿಯಲ್ಲಿ ಚಿತ್ರ ತೆಗೆಯುವ ಕೆಳಗಿನ ಕಣ್ಣು ಎಫ್ 3.5, ನೋಡುವ ಮೇಲಿನ ಕಣ್ಣು ಎಫ್ 2.8. ನೋಡುವವನಿಗೆ ಒಂದಿಷ್ಟು ಹೆಚ್ಚು ಬೆಳಕಿರಲಿ, ಫೋಕಸ್ ತಪ್ಪದಿರಲಿ ಎಂಬ ಮುತುವರ್ಜಿ.

ನಾಲ್ಕನೆಯದು ಕ್ಯಾಮೆರಾದ್ದಲ್ಲ, ನಮ್ಮದೇ. ಕತ್ತಲಲ್ಲಿ ಹರೆಯದವರ ಕಣ್ಣಿನ ಪಾಪೆ ಸುಮಾರು 7 ಮಿ.ಮೀ. ಅಗಲಕ್ಕೆ ತೆರೆಯುತ್ತದೆ. ಅರವತ್ತರ ಹೊತ್ತಿಗೆ ಅದು 5 ಮಿ.ಮೀ. ಆಸುಪಾಸಿಗೆ ಇಳಿದಿರುತ್ತದೆ. ಅಂದರೆ ಕಣ್ಣೊಳಗೆ ಹೋಗುವ ಬೆಳಕು ಅರ್ಧ. ಸಾಲದ್ದಕ್ಕೆ ಕಣ್ಣಿನ ಮಸೂರವೂ ಹಳದಿಗಟ್ಟಿರುತ್ತದೆ. ಒಂದೇ ಕ್ಯಾಮೆರಾವನ್ನು ಮಗ ನೋಡಿ “ಚೆನ್ನಾಗಿದೆಯಲ್ಲ ಅಪ್ಪ” ಎನ್ನುವುದು, ಅಪ್ಪ ನೋಡಿ “ಏನೂ ಕಾಣಿಸೋದಿಲ್ಲವಲ್ಲೋ” ಎನ್ನುವುದು, ಎರಡೂ ನಿಜ. ಐವತ್ತು ದಾಟಿದವರಿಗೆ ನನ್ನ ಕೋರಿಕೆ ಇಷ್ಟೆ: ನಿಮ್ಮ ಕ್ಯಾಮೆರಾವನ್ನು ಮಗನ ಕೈಲಿ ಕೊಳ್ಳಿಸಬೇಡಿ, ನೀವೇ ಹೋಗಿ ಕಣ್ಣಿಟ್ಟು ನೋಡಿ. ಕಿಂಡಿಯ ಪಕ್ಕದಲ್ಲಿ ಒಂದು ಪುಟ್ಟ ಚಕ್ರವೋ ಜಾರುಗುಂಡಿಯೋ ಇರುತ್ತದೆ, ಕಣ್ಣಿನ ಪವರಿಗೆ ಹೊಂದಿಸುವುದು. ಅದನ್ನು ತಿರುಗಿಸದೆಯೇ “ಮಸುಕು” ಎಂದು ಕ್ಯಾಮೆರಾ ವಾಪಸು ಕೊಟ್ಟವರಿದ್ದಾರೆ.

ಇಷ್ಟು ಹೊತ್ತು ಕನ್ನಡಿಯ ಕ್ಯಾಮೆರಾಗಳ ಮಾತಾಯಿತು. ಕನ್ನಡಿಯೇ ಇಲ್ಲದ ಹೊಸ ಕ್ಯಾಮೆರಾಗಳಲ್ಲಿ ಲೆಕ್ಕ ಪೂರ್ತಿ ಬದಲಾಗಿದೆ. ಅಲ್ಲಿ ಕಿಂಡಿಯೊಳಗೆ ಇರುವುದು ಒಂದು ಪುಟಾಣಿ ಟಿವಿ. ಸೆನ್ಸರ್ ಕಂಡದ್ದನ್ನು ಆ ಟಿವಿ ತೋರಿಸುತ್ತದೆ. ಅದರ ಬೆಳಕು ಅದರದೇ. ಲೆನ್ಸಿನ ಬಾಯಿ ಎಷ್ಟು ತೆರೆದಿದೆ, ಸೆನ್ಸರ್ ಎಷ್ಟು ದೊಡ್ಡದು ಎಂಬುದರ ಹಂಗಿಲ್ಲ. ಪ್ಯಾನಸೋನಿಕ್ ಕಂಪನಿಯವರು 2008ರಲ್ಲಿ ಜಿ1 ಎಂಬ ಕ್ಯಾಮೆರಾ ತಂದರು. ಸೆನ್ಸರ್ ಇ-1ರಷ್ಟೇ ದೊಡ್ಡದು, ಅದೇ ಕಾಲುಭಾಗ. ಕಿಂಡಿ ಮಾತ್ರ 1.4 ಪಟ್ಟು; ಎರಡರಿಂದ ಭಾಗಿಸಿದರೆ 0.7. ಫುಲ್ ಫ್ರೇಮ್ ಕ್ಯಾನನ್ 5ಡಿಗೆ ಸರಿಸಮ! ಐದೇ ವರ್ಷದಲ್ಲಿ, ಅದೇ ಸಣ್ಣ ಸೆನ್ಸರಿಗೆ ಅಂಚೆಚೀಟಿ ಹೋಗಿ ಬಾಗಿಲು ಬಂತು. ಸಣ್ಣ ಸೆನ್ಸರೆಂದರೆ ಸಣ್ಣ ಕಿಂಡಿ ಎಂಬ ಗಂಟು ಅಲ್ಲಿಗೆ ಬಿಚ್ಚಿತು.

ಆದರೆ ಸೆನ್ಸರಿನ ಅಳತೆ ಹಿಂಬಾಗಿಲಿನಿಂದ ಮತ್ತೆ ಒಳಬರುತ್ತದೆ. ಡ್ರಮ್ಮು ಡಬ್ಬಿಯ ಮಾತು ನೆನೆಸಿಕೊಳ್ಳಿ. ಆಳ ಒಂದೇ ಆದರೂ ಡಬ್ಬಿಯಲ್ಲಿ ಒಟ್ಟು ನೀರು ಕಡಿಮೆ. ಅಗಲ ಬೆಳಕಿನಲ್ಲಿ ಅದರಿಂದ ತೊಂದರೆಯಿಲ್ಲ. ಕತ್ತಲಾದಾಗ ಮಾತ್ರ ಸೆನ್ಸರಿಗೆ ಸಿಕ್ಕ ಅಷ್ಟಿಷ್ಟು ಬೆಳಕನ್ನೇ ಎಳೆದೆಳೆದು ಹಿಗ್ಗಿಸಿ ಟಿವಿಗೆ ಕೊಡಬೇಕಾಗುತ್ತದೆ. ಆಗ ಕಿಂಡಿಯಲ್ಲಿ ಚಿತ್ರ ಬೆಳ್ಳಗೆ ಕಂಡರೂ ಮೇಲೆ ಸಾಸಿವೆ ಎರಚಿದಂತೆ ಚುಕ್ಕೆಗಳು ಕುಣಿಯುತ್ತವೆ. ಕಾಲುಭಾಗದ ಸೆನ್ಸರಿನಲ್ಲಿ ಈ ಕುಣಿತ ಬೇಗ ಶುರು, ಫುಲ್ ಫ್ರೇಮಿನಲ್ಲಿ ತಡ. ಹಳೆಯ ಮಾದರಿಗಳು ಕಿಂಡಿಯ ಚಿತ್ರಕ್ಕೆ ಸೆನ್ಸರನ್ನು ಪೂರ್ತಿ ಓದದೆ ಸಾಲು ಬಿಟ್ಟು ಸಾಲು ಓದುತ್ತಿದ್ದವು, ಅದರಿಂದ ಇನ್ನಷ್ಟು ಕೆಡುತ್ತಿತ್ತು. ಬೆಳಕು ಕೂಡಿಸಿಕೊಳ್ಳಲು ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ತೆಗೆದುಕೊಂಡರೆ ಚಲನೆ ಎಳೆದಂತಾಗುತ್ತದೆ.

ಕಾಸರಗೋಡಿನ ಕಡೆಯ ಕೇಳುಗರಿಗೆ ಇದು ಒಂದೇ ಮಾತಿನಲ್ಲಿ ಅರ್ಥವಾದೀತು. ಬಯಲಾಟದ ರಂಗಸ್ಥಳದಲ್ಲಿ ವೇಷಧಾರಿ ದಿಗಿಣ ಹಾಕುವಾಗ ಇಂಥ ಹಳೆಯ ಎಲೆಕ್ಟ್ರಾನಿಕ್ ಕಿಂಡಿಯಲ್ಲಿ ನೋಡಿದರೆ ಆತ ಇದ್ದಲ್ಲಿ ಕಾಣುವುದಿಲ್ಲ, ಒಂದು ಗಳಿಗೆ ಹಿಂದೆ ಇದ್ದಲ್ಲಿ ಕಾಣುತ್ತಾನೆ. ಕೇಸರಿತಟ್ಟಿಯ ಕಿರೀಟ ಬಣ್ಣದ ಗೆರೆಯಾಗಿ ಹರಡಿಬಿಡುತ್ತದೆ. ಕನ್ನಡಿಯ ಕಿಂಡಿ ಎಷ್ಟೇ ಮಂಕಾಗಿರಲಿ, ತಡ ಮಾಡುವುದಿಲ್ಲ. ಬೆಳಕಿನ ವೇಗದಲ್ಲೇ ತೋರಿಸುತ್ತದೆ. ಈಚಿನ ಉತ್ತಮ ಮಾದರಿಗಳಲ್ಲಿ ಈ ತೊಂದರೆ ಬಹಳ ಕಡಿಮೆಯಾಗಿದೆ, ನಿಜ. ಆದರೆ ಅವುಗಳ ಬೆಲೆ ಕೇಳಿದರೆ ನಾವೂ ಒಂದು ದಿಗಿಣ ಹಾಕಬೇಕಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಹಗಲಲ್ಲಿ ಮದುವೆ, ಉಪನಯನ, ಶಾಲಾ ವಾರ್ಷಿಕೋತ್ಸವದ ಗುಂಪುಚಿತ್ರ ತೆಗೆಯುವವರಿಗೆ ಸಣ್ಣ ಸೆನ್ಸರಿನ, ಪೆಂಟಾಪ್ರಿಸಂ ಇರುವ ಹಳೆಯ ಎಸ್‌ಎಲ್‌ಆರ್ ಧಾರಾಳ ಸಾಕು. ವಿವರಪತ್ರದಲ್ಲಿ ಪೆಂಟಾಪ್ರಿಸಂ ಎಂದಿದೆಯೋ ಪೆಂಟಾಮಿರರ್ ಎಂದಿದೆಯೋ ನೋಡಿ. ಹಿಗ್ಗುವಿಕೆಯ ಅಂಕಿಯನ್ನು ನಾನು ಹೇಳಿದ ಹಾಗೆ ಭಾಗಿಸಿ ನೋಡಿ, 0.6ರ ಮೇಲೆ ಬಂದರೆ ಒಳ್ಳೆಯದು. ದೊಡ್ಡ ಸೆನ್ಸರಿಗೆಂದು ಕೊಡಬೇಕೆಂದಿದ್ದ ಹೆಚ್ಚಿನ ದುಡ್ಡಿನಲ್ಲಿ ಒಂದು ಪಾಲನ್ನು 50 ಮಿ.ಮೀ. ಅಥವಾ 35 ಮಿ.ಮೀ.ನ ಎಫ್ 1.8 ಲೆನ್ಸಿಗೆ ಹಾಕಿ. ಕಿಂಡಿಯೂ ಬೆಳಗುತ್ತದೆ, ಚಿತ್ರಕ್ಕೂ ಬೆಳಕಾಗುತ್ತದೆ. ರಾತ್ರಿಯ ಆಟ, ನಾಟಕ, ಜಾತ್ರೆಯ ತೇರು, ಇವನ್ನೇ ಮುಖ್ಯವಾಗಿ ತೆಗೆಯುವವರಿಗೆ ಮಾತ್ರ ದೊಡ್ಡ ಸೆನ್ಸರಿಗೆ ಕೊಟ್ಟ ದುಡ್ಡು ದಂಡವಲ್ಲ. ಅಲ್ಲಿ ದುಡ್ಡು ಕೊಡುವುದು ಕಿಂಡಿಗಾಗಿ ಅಲ್ಲ, ಚಿತ್ರಕ್ಕಾಗಿ.

ಪರೀಕ್ಷೆ ಮಾಡಲು ನಡುಹಗಲಿನಲ್ಲಿ ಅಂಗಡಿಗೆ ಹೋಗಬೇಡಿ. ಬಿಸಿಲಿನಲ್ಲಿ ಎಲ್ಲ ಕಿಂಡಿಯೂ ಚೆನ್ನ. ದೀಪ ಹಚ್ಚುವ ಹೊತ್ತಿಗೆ ಹೋಗಿ. ಹೋಲಿಸುವ ಎರಡೂ ಕ್ಯಾಮೆರಾದಲ್ಲಿ ಲೆನ್ಸುಗಳ ಎಫ್ ಸಂಖ್ಯೆ ಒಂದೇ ಇರುವಂತೆ ನೋಡಿಕೊಳ್ಳಿ. ಅಂಗಡಿಯವರು ಗೊಣಗಿದರೂ ಚಿಂತೆಯಿಲ್ಲ. ಕನ್ನಡಕ ಹಾಕುವವರು ಹಾಕಿಕೊಂಡೇ ನೋಡಿ, ನಾಲ್ಕು ಮೂಲೆಯೂ ಕಾಣುತ್ತದೆಯೇ ಎಂದು. ಎದುರು ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರದ ಮೇಲೆ ಕೈಯಿಂದ ಫೋಕಸ್ ಮಾಡಿ, ಒಂದು ಚಿತ್ರ ತೆಗೆದು ಹಿಗ್ಗಿಸಿ ನೋಡಿ. ಕಿಂಡಿ ಕಂಡದ್ದೂ ಚಿತ್ರ ಕಂಡದ್ದೂ ಒಂದೇ ಆದರೆ ಮಾತಿಗೆ ಕೂರಿ.

ಕಿಂಡಿಯೊಳಗೆ ಕಪ್ಪು ಚುಕ್ಕೆ, ಕೂದಲಿನಂಥದು ಕಂಡರೆ ಹೆದರಬೇಡಿ. ಅದು ಮಸುಕು ಗಾಜಿನ ಮೇಲಿನ ಧೂಳು, ಚಿತ್ರದಲ್ಲಿ ಬರುವುದಿಲ್ಲ. ಲೆನ್ಸ್ ಬಿಚ್ಚಿ, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ, ಗಾಳಿ ಊದುವ ರಬ್ಬರಿನ ಉಂಡೆಯಿಂದ ನಾಲ್ಕು ಸಲ ಊದಿದರೆ ಸಾಮಾನ್ಯವಾಗಿ ಹೋಗುತ್ತದೆ. ಹೋಗದಿದ್ದರೆ ಇರಲಿ ಬಿಡಿ. ಪಂಚೆಯ ಚುಂಗನ್ನೋ ಕರವಸ್ತ್ರವನ್ನೋ ಒಳಗೆ ತೂರಿಸಿ ಒರೆಸಲು ಮಾತ್ರ ಹೋಗಬೇಡಿ. ಮನೆಯ ಕನ್ನಡಿಗೆ ರಸದ ಲೇಪ ಗಾಜಿನ ಹಿಂದೆ, ಈ ಕನ್ನಡಿಗೆ ಲೇಪ ಗಾಜಿನ ಮುಂದೆ. ಒಮ್ಮೆ ಗೀಚಿದರೆ ಗೀಚಿದ್ದೇ. ಮಸುಕು ಗಾಜು ಎಂದು ನಾನು ಇಷ್ಟು ಹೊತ್ತು ಕರೆದದ್ದೂ ಈಗಿನ ಕ್ಯಾಮೆರಾಗಳಲ್ಲಿ ಹೆಚ್ಚಾಗಿ ಪ್ಲಾಸ್ಟಿಕ್ಕು. ಅದರ ಮೇಲೆ ಬೆರಳಿನ ಗುರುತು ಬಿದ್ದರೂ ತೆಗೆಯುವುದು ಕಷ್ಟ.